ಎಡಗಡೆ ಪತಂಗ, ಬಲಗಡೆ ಲಾವಕ್ಕಿ

ಮಾರ್ಚ್ 3, ಸೋಮವಾರ

ಬೆಳಗಿನಿಂದ ಬಿಡಿಸುವ ಕೆಲಸ. ಗಂಡು ಪತಂಗ, ಹೆಣ್ಣು ಪತಂಗ, ಬಾಲಕ್ಕೆ ಬಾಲ ಅಂಟಿಸಿಕೊಂಡು ಗಂಟೆಗಟ್ಟಲೆ ಕೂತಿರುತ್ತವೆ. ನಾಚಿಕೆ ಇಲ್ಲ, ಉತ್ಸಾಹವೂ ಇಲ್ಲ. ಹೊತ್ತಾದ ಮೇಲೆ ನಾವೇ ಹಿಡಿದು, ಸ್ವಲ್ಪ ತಿರುಚಿ, ಬೇರೆ ಮಾಡಬೇಕು. ಹೆಣ್ಣು ಮೊಟ್ಟೆ ಇಡುವ ಹಾಳೆಗೆ. ಗಂಡು ಫ್ರಿಜ್ಜಿಗೆ... ನಾಳೆ ಇನ್ನೊಬ್ಬಳಿಗೆ ಬೇಕಲ್ಲ.

ತೋಳಿನ ಮೇಲೆ ಮತ್ತೆ ಉಚ್ಚೆ. ಕೆಂಪುಕಂದು. ಗೂಡಿನಿಂದ ಹೊರಬಿದ್ದ ಕೂಡಲೇ ಅವು ಮಾಡುವ ಮೊದಲ ಕೆಲಸ ಅದು. ಈ ರೇಷ್ಮೆ ಬಿತ್ತನೆ ಕೇಂದ್ರಕ್ಕೆ ಸೇರಿದಾಗಿನಿಂದ ನನ್ನ ಒಂದು ಅಂಗಿಯೂ ಅಂಗಿಯಾಗಿ ಉಳಿದಿಲ್ಲ. ರೆಕ್ಕೆಯ ಪುಡಿ ಮೂಗಿನಲ್ಲಿ, ಟೀಯಲ್ಲಿ, ತಲೆದಿಂಬಿನಲ್ಲಿ. ಹೊರಗಿನವರು ಇದನ್ನು ಚಿಟ್ಟೆ ಎನ್ನುತ್ತಾರೆ. ಚಿಟ್ಟೆಯಂತೆ. ಹಳಸಿದ ಹಾಲಿನ ಬಣ್ಣದ ಹೊಟ್ಟೆ, ಹಾರಲು ಬಾರದ ರೆಕ್ಕೆ.

ಮಧ್ಯಾಹ್ನ ಕೆಮ್ಮು ಸಾಹೇಬರು ಕರೆದರು. ಪ್ರತಿ ಮಾತಿಗೂ ಮೊದಲು ಒಂದು ಕೆಮ್ಮು, ಅದಕ್ಕೇ ಈ ಹೆಸರು, ಇಟ್ಟವಳು ನಾನೇ.

"ತಿಂಗಳ ಕೊನೆಗೆ ಓಪನ್ ಡೇ. ಶಾಲೆ ಮಕ್ಕಳು ಬರ್ತಾರೆ. ನಮ್ಮಲ್ಲಿ ಎರಡು ವಿಭಾಗ ಅಲ್ವಾ, ಎರಡನ್ನೂ ಹೋಲಿಸಿ ಒಂದು ಬೋರ್ಡ್ ಮಾಡಿ. ಎಡಗಡೆ ಪತಂಗ, ಬಲಗಡೆ ಲಾವಕ್ಕಿ. ಚೆನ್ನಾಗಿರೋದು ಮಾತ್ರ ಬರೀರಿ."

"ಹಕ್ಕಿ ವಿಷಯ ನನಗೇನು ಗೊತ್ತು ಸಾರ್?"

"ಮನೇಲೇ ಇದಾರಲ್ಲ, ಕೇಳಿ."

ಮನೆಯಲ್ಲಿರುವುದು ನನ್ನ ಗಂಡ. ಕೇಂದ್ರದ ಅಂಗಳದ ಆಚೆಯ ಶೆಡ್ಡಿನಲ್ಲಿ ಲಾವಕ್ಕಿ ಸಾಕುವವನು. ಕೇಂದ್ರದಲ್ಲಿ ಎಲ್ಲರಿಗೂ ಅವನು ಹಕ್ಕಿಯವನು, ನನಗೂ. ಸಂಜೆ ಅವನ ಅಂಗಿಯನ್ನು ಬಾಗಿಲ ಹೊರಗೇ ಬಿಚ್ಚಿಸುತ್ತೇನೆ. ಆದರೂ ಹಿಕ್ಕೆಯ ವಾಸನೆ ಅವನಿಗಿಂತ ಮೊದಲು ಒಳಗೆ ಬಂದು ಕೂತಿರುತ್ತದೆ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಕಿಟ್ಟಿನಲ್ಲಿ ಎರಡು ಗೆರೆ. ಬಚ್ಚಲಲ್ಲಿ ಕೂತು ನೋಡಿದೆ. ಬೆಳಕಿಗೆ ಹಿಡಿದು ನೋಡಿದೆ. ಎರಡೇ.

ಅವನಿಗೆ ಹೇಳಿಲ್ಲ. ಮಕ್ಕಳು ಬೇಡ ಎಂದು ಮದುವೆಗೆ ಮೊದಲೇ ಮಾತಾಗಿತ್ತು. ಅಮ್ಮನ ಕಾಯಿಲೆ ವಂಶದ್ದು. ತಾತನಿಗೆ ಇತ್ತು, ಅಮ್ಮನಿಗೆ ಬಂತು. ನಲವತ್ತು ದಾಟಿದ ಮೇಲೆ ಕೈ ತಾನಾಗಿಯೇ ಕುಣಿಯತೊಡಗುತ್ತದೆ. ಆಮೇಲೆ ಕತ್ತು. ಆಮೇಲೆ ಮಾತು. ಔಷಧಿ ಇಲ್ಲ. ನನಗೆ ಇಳಿದಿದೆಯೋ ಇಲ್ಲವೋ, ಅರ್ಧಕ್ಕರ್ಧ. ನನಗೆ ಇಳಿದಿದ್ದರೆ ಇದಕ್ಕೂ ಅರ್ಧಕ್ಕರ್ಧ. ರಕ್ತ ಕೊಟ್ಟರೆ ತಿಳಿಯುತ್ತದೆ. ಅಕ್ಕ ಕೊಟ್ಟಿಲ್ಲ. ನಾನೂ ಕೊಟ್ಟಿಲ್ಲ. ತಿಳಿದುಕೊಂಡು ದಿನಾ ಬೆಳಿಗ್ಗೆ ಕೈ ನೋಡುತ್ತ ಏಳುವುದು ಯಾವ ಸುಖಕ್ಕೆ.

ಈಗ ಇದು ಬಂದು ಕೂತಿದೆ. ಯಾರು ಕರೆದರು ಇದನ್ನು.

ಮಾರ್ಚ್ 6, ಗುರುವಾರ

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಕೇಂದ್ರದಲ್ಲಿ ಹಲ್ಲುನೋವು ಎಂದು ಹೇಳಿ. ಗೋಡೆಯ ತುಂಬ ನಗುವ ಕೂಸುಗಳ ಪಟ. ಎಲ್ಲಕ್ಕೂ ಒಂದೇ ಮುಖ, ಒಂದೇ ಬೊಜ್ಜು.

"ಮನೆಯಲ್ಲಿ ಯಾರಿಗಾದರೂ ವಂಶದ ಕಾಯಿಲೆ ಏನಾದ್ರೂ ಇದೆಯಾ?"

"ಇಲ್ಲ."

ಎಷ್ಟು ಸಲೀಸಾಗಿ ಬಂತು ಸುಳ್ಳು. ಅವರು ಟಿಕ್ ಹಾಕಿಕೊಂಡರು. ಮೂವತ್ತೊಂದಕ್ಕೆ ಮತ್ತೆ ಬನ್ನಿ, ಯಾವುದಾದರೂ ಟೆಸ್ಟ್ ಮಾಡಿಸುವುದಿದ್ದರೆ ಅಷ್ಟರೊಳಗೆ ಹೇಳಿ, ಆಮೇಲೆ ಹೊತ್ತು ಮೀರುತ್ತದೆ ಎಂದರು. ತಲೆಯಾಡಿಸಿ ಬಂದೆ.

ಬೋರ್ಡಿಗೆ ಎಡಗಡೆ ಬರೆದಿದ್ದು: ಪತಂಗಕ್ಕೆ ಬಾಯಿ ಇದ್ದೂ ಇಲ್ಲ. ಜೀವನದಲ್ಲಿ ಏನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ಹಿಪ್ಪುನೇರಳೆ ಸೊಪ್ಪು ತಿಂದದ್ದೇ ಕೊನೆ. ಕೂಡುತ್ತದೆ, ಮೊಟ್ಟೆ ಇಡುತ್ತದೆ, ಸಾಯುತ್ತದೆ.

ಇದರಲ್ಲಿ ಚೆನ್ನಾಗಿರೋದು ಯಾವುದು, ಕೆಮ್ಮು ಸಾಹೇಬರೇ ಹೇಳಬೇಕು.

ಮಾರ್ಚ್ 9, ಭಾನುವಾರ

ಅಕ್ಕನ ಮನೆ. ಅಮ್ಮ ಇರುವುದು ಅಲ್ಲೇ, ಹಿಂದಿನ ಕೋಣೆಯಲ್ಲಿ. ಮಂಚದ ಸುತ್ತ ದಿಂಬು ಕಟ್ಟಿದ್ದಾಳೆ ಅಕ್ಕ. ಅಮ್ಮನ ಮೊಣಕೈ ಗೋಡೆಗೆ ಬಡಿದು ಬಡಿದು ಅಲ್ಲಿ ಸುಣ್ಣ ಉದುರಿದೆ.

ಊಟದ ಹೊತ್ತು. ತಾನೇ ತಿನ್ನುತ್ತೇನೆ ಎಂದು ಹಟ ಅಮ್ಮನದು. ಚಮಚ ಬಾಯಿಗೆ ಹೊರಡುತ್ತದೆ, ಕಿವಿಗೆ ಹೋಗುತ್ತದೆ. ಗಂಜಿ ಗಲ್ಲದಿಂದ ಕತ್ತಿಗೆ, ಕತ್ತಿನಿಂದ ರವಿಕೆಯೊಳಗೆ. ನಾಲಿಗೆ ಹೊರಗೆ ಬಂದು ಅರ್ಧ ಅಗಿದದ್ದನ್ನು ವಾಪಸ್ ತಳ್ಳುತ್ತದೆ. ಆ ಶಬ್ದ. ಎದುರು ಕೂತಿದ್ದೆ. ಅಸಹ್ಯವಾಯಿತು. ಬಸಿರಿನ ವಾಕರಿಕೆ ಎಂದು ಇಲ್ಲಿ ಬರೆದುಬಿಡಬಹುದು, ಯಾರು ಕೇಳುತ್ತಾರೆ. ಅದಲ್ಲ. ಅಮ್ಮನನ್ನು ನೋಡಿಯೇ ಅಸಹ್ಯವಾಯಿತು. ಎದ್ದು ಹಿತ್ತಿಲಿಗೆ ಹೋದೆ.

ಅಕ್ಕ ಹಿಂದೆಯೇ ಬಂದಳು. ಕೈಯಲ್ಲಿ ಒರೆಸುವ ಬಟ್ಟೆ.

"ಅವಳ ಮುಂದೆ ಮುಖ ಹಾಗೆ ಮಾಡ್ಬೇಡ. ಕೈ ಹೋಗಿದೆ ಅಷ್ಟೇ, ಕಣ್ಣು ಚೆನ್ನಾಗೇ ಕಾಣುತ್ತೆ."

"ನಾನೇನು ಮಾಡ್ದೆ?"

"ಗೊತ್ತು ಬಿಡು." ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಎಷ್ಟು ದಿನ ಆಯ್ತು?"

ಅಕ್ಕನಿಂದ ಏನನ್ನೂ ಬಚ್ಚಿಡಲು ಆಗುವುದಿಲ್ಲ, ಚಿಕ್ಕಂದಿನಿಂದ. ಹೇಳಿದೆ. ಅವಳು ಖುಷಿಪಡಲಿಲ್ಲ, ಬೈಯಲೂ ಇಲ್ಲ. ಬಟ್ಟೆ ಹಿಂಡುತ್ತ, "ನಾನು ಇದಕ್ಕೇ ಮದುವೇನೇ ಬೇಡ ಅಂದಿದ್ದು," ಎಂದಳು. ಆ ಮಾತನ್ನು ಮೊದಲ ಸಲ ಅವಳ ಬಾಯಲ್ಲಿ ಕೇಳಿದ್ದು. ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಮಾರ್ಚ್ 12, ಬುಧವಾರ

ಬಲಗಡೆಗೆ ವಿಷಯ ಬೇಕಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಕ್ಕಿ ಶೆಡ್ಡಿಗೆ ಹೋದೆ.

ಗೇಣುದ್ದದ ಗೂಡುಗಳು, ಒಂದರ ಮೇಲೊಂದು. ಅರ್ಧ ಹಕ್ಕಿಗಳಿಗೆ ನೆತ್ತಿಯ ಮೇಲೆ ಪುಕ್ಕವೇ ಇಲ್ಲ. ಕೆಲವಕ್ಕೆ ರಕ್ತ ಹೆಪ್ಪುಗಟ್ಟಿದೆ.

"ಹೆದರಿದ್ರೆ ನೇರ ಮೇಲಕ್ಕೆ ಹಾರ್ತವೆ," ಎಂದ ಹಕ್ಕಿಯವನು. "ಬಯಲಲ್ಲಿ ಇದ್ದಾಗ ಅದೇ ಇವನ್ನ ಕಾಪಾಡ್ತಿತ್ತು. ಇಲ್ಲಿ ಮೇಲೆ ಜಾಲರಿ."

"ಹಾರಬೇಡ ಅಂತ ಹೇಳೋರು ಯಾರೂ ಇಲ್ವಾ?"

"ನೀನೇ ಹೇಳು, ನಿನ್ನ ಮಾತು ಎಲ್ಲರೂ ಕೇಳ್ತಾರೆ."

ಒಂದು ಗಂಡನ್ನು ಎತ್ತಿ, ಮಗುಚಿ, ಬಾಲದ ಕೆಳಗೆ ಬೆರಳಿನಿಂದ ಒತ್ತಿದ. ಬಿಳಿ ನೊರೆ ಬಂತು, ಸೋಪಿನ ನೊರೆಯ ಹಾಗೆ. ನೊರೆ ಬಂದರೆ ಗಂಡು ಆರೋಗ್ಯವಾಗಿದೆ ಎಂದು ಅರ್ಥವಂತೆ. ಅದೇ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆ ಪ್ಯಾಂಟು ಒಗೆಯುವವಳು ನಾನು.

"ತಾಯಿ ಹೇಗೆ?" ಎಂದು ಕೇಳಿದೆ. ಬೋರ್ಡಿಗೆ ಎಂದು ಕೇಳಿದ್ದು.

"ಮೊಟ್ಟೆ ಇಡುತ್ತೆ, ತಿರುಗಿ ನೋಡಲ್ಲ. ಗೂಡಲ್ಲಿ ಸಾಕಿ ಸಾಕಿ ಕಾವು ಕೂರೋದೇ ಮರೆತುಹೋಗಿದೆ ಇವಕ್ಕೆ. ಮಷೀನೇ ತಾಯಿ." ಮಷೀನಿನ ಬಾಗಿಲು ತೆಗೆದು ಆಗತಾನೆ ಒಡೆದ ಮರಿಯೊಂದನ್ನು ಅಂಗೈಯಲ್ಲಿ ಇಟ್ಟುಕೊಂಡ. ಹೆಬ್ಬೆರಳಷ್ಟಿತ್ತು. ಒದ್ದೆ. ಅದಕ್ಕೆ ಬಾಯಿಂದ ಮೆಲ್ಲಗೆ ಬಿಸಿಗಾಳಿ ಊದುತ್ತ ನಿಂತ, ನಾನಿರುವುದೇ ಮರೆತು.

ಹೇಳಿಬಿಡಬೇಕು ಎನ್ನಿಸಿತು. ಹೇಳಲಿಲ್ಲ. ನೊರೆ ಒರೆಸಿಕೊಂಡ ಕೈ ಅದು.

ಒಂದಕ್ಕೆ ಮೊಟ್ಟೆ ಇಟ್ಟ ಮೇಲೆ ಬದುಕಿಲ್ಲ. ಇನ್ನೊಂದಕ್ಕೆ ಬದುಕಿದೆ, ಮೊಟ್ಟೆಯ ನೆನಪಿಲ್ಲ. ಯಾವುದು ಹೆಚ್ಚು ಹೇಸಿಗೆ, ಮಕ್ಕಳೇ ಹೇಳಿ.

ಮಾರ್ಚ್ 14, ಶುಕ್ರವಾರ

ತಾಯಿ ಪರೀಕ್ಷೆ ದಿನ. ಮೊಟ್ಟೆ ಇಟ್ಟು ಮುಗಿಸಿದ ಹೆಣ್ಣುಗಳನ್ನು ಒಂದೊಂದಾಗಿ ಪುಟ್ಟ ಕಲ್ಲಿಗೆ ಹಾಕಿ, ದ್ರಾವಣ ಸುರಿದು, ಅರೆದು, ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗೆ ಇಡುವುದು. ತಾಯಿಯ ಮೈಯಲ್ಲಿ ಗಂಟುರೋಗ ಇದ್ದರೆ ಅದು ಮೊಟ್ಟೆಯೊಳಗೇ ಇಳಿದಿರುತ್ತದೆ. ಆದ್ದರಿಂದ ಮೊಟ್ಟೆ ನೋಡುವುದಿಲ್ಲ, ತಾಯಿಯನ್ನು ನೋಡುತ್ತೇವೆ. ರೋಗ ಕಂಡರೆ ಅವಳ ಮೊಟ್ಟೆಗೆ ಬೆಂಕಿ.

ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ. ಮನಸ್ಸಿಗೆ ಎಳ್ಳಷ್ಟೂ ತಾಗಿರಲಿಲ್ಲ. ಇವತ್ತು ಅರೆಯುವ ಶಬ್ದಕ್ಕೇ ಬಾಯಲ್ಲಿ ನೀರು ತುಂಬಿತು. ನಡುವೆ ಒಮ್ಮೆ ಓಡಿಹೋಗಿ ವಾಂತಿ ಮಾಡಿ ಬಂದೆ.

ಒಂದರಲ್ಲಿ ಸಿಕ್ಕಿತು. ಹೊಳೆಯುವ ಮೊಟ್ಟೆಯಾಕಾರದ ಚುಕ್ಕೆಗಳು, ಸಾಲಾಗಿ. ಹಾಳೆಯಲ್ಲಿ ಆ ತಾಯಿಯ ಮೊಟ್ಟೆಗಳ ವೃತ್ತವನ್ನು ಕತ್ತರಿಯಿಂದ ಕತ್ತರಿಸಿ, ಹಿಂದಿನ ಒಲೆಗೆ ಹಾಕಿದೆ. ಚಟಪಟ ಎಂದವು. ಕೂದಲು ಸುಟ್ಟ ವಾಸನೆ.

ಮಾರ್ಚ್ 15, ಶನಿವಾರ

ಬೇರೆಯವಳ ಮೊಟ್ಟೆ ಸುಟ್ಟಿದ್ದೇನೆ.

ಹಾಳೆಯಲ್ಲಿ ಮೊಟ್ಟೆಗಳು ಯಾವ ಸಾಲಿನಲ್ಲಿವೆಯೋ ಪೆಟ್ಟಿಗೆಯಲ್ಲಿ ತಾಯಂದಿರೂ ಅದೇ ಸಾಲಿನಲ್ಲಿರಬೇಕು. ಪೆಟ್ಟಿಗೆಯ ಒಂದು ಮೂಲೆಗೆ ಕೆಂಪು ಬಣ್ಣ ಬಳಿದಿದೆ. ಹಾಳೆಯ ಒಂದು ಮೂಲೆ ಕತ್ತರಿಸಿದೆ. ಕೆಂಪು ಮೂಲೆ ಕತ್ತರಿಸಿದ ಮೂಲೆಗೆ ಬರಬೇಕು. ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ, ಹೇಳಿಕೊಡುವವಳು ನಾನು. ನಿನ್ನೆ ವಾಂತಿ ಮಾಡಿ ಬಂದು ಪೆಟ್ಟಿಗೆಯನ್ನು ತಿರುಗಾಮುರುಗಾ ಇಟ್ಟಿದ್ದೇನೆ. ಮೊದಲ ಮೂಲೆಯ ತಾಯಿಗೆ ಕೊನೆಯ ಮೂಲೆಯ ಮೊಟ್ಟೆ. ಇವತ್ತು ಪೆಟ್ಟಿಗೆ ತೊಳೆಯಲು ತೆಗೆದಾಗ ಕಣ್ಣಿಗೆ ಬಿತ್ತು.

ರೋಗದವಳ ಮೊಟ್ಟೆ ತಣ್ಣಗೆ ಕಪಾಟಿನಲ್ಲಿ ಕೂತಿತ್ತು. ಆರೋಗ್ಯವಾಗಿದ್ದವಳದು ಬೂದಿ.

ಕೆಮ್ಮು ಸಾಹೇಬರಿಗೆ ಹೇಳಿದೆ. ಇನ್ನೇನು ಮಾಡುವುದು. ಎರಡು ಸಲ ಕೆಮ್ಮಿದರು.

"ನಿಮ್ಮಿಂದ ಇದು ಆಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಹಾಳೆ ಪೂರ್ತಿ ಸುಟ್ಟುಬಿಡಿ. ಯಾವುದರ ಮೇಲೂ ಈಗ ನಂಬಿಕೆ ಇಲ್ಲ."

ಪೂರ್ತಿ ಸುಟ್ಟೆ. ನಿಯಮ ಅದೇ, ತಪ್ಪಿಲ್ಲ. ಒಲೆಯ ಮುಂದೆ ನಿಂತು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತಪ್ಪು ಮಾಡಿದ್ದಕ್ಕಲ್ಲ. ಮೊನ್ನೆಯವರೆಗೆ ಯಾವ ತಪ್ಪೂ ಮಾಡದೆ, ಏನೂ ಅನ್ನಿಸದೆ, ಎಷ್ಟು ಸುಟ್ಟಿದ್ದೇನೆ ಎಂದು ನೆನಪಾಗಿ.

ಮಾರ್ಚ್ 20, ಗುರುವಾರ

ಬರೆಯಲು ಮನಸ್ಸಿರಲಿಲ್ಲ.

ಇವತ್ತು ಹೇಳಿದೆ ಅವನಿಗೆ. ಅಡುಗೆಮನೆಯಲ್ಲಿ, ಅವನು ಬೇಯಿಸಿದ ಲಾವಕ್ಕಿ ಮೊಟ್ಟೆಗಳ ಸಿಪ್ಪೆ ಸುಲಿಯುತ್ತಿದ್ದಾಗ. ಸಿಪ್ಪೆಯ ಮೇಲೆ ಕಂದು ಮಚ್ಚೆ, ಒಳಗೆ ನೀಲಿ ಪೊರೆ. ವಾಸನೆಗೆ ಕಿಟಕಿ ತೆಗೆದೆ, ತೆಗೆದು ಬೆನ್ನು ತಿರುಗಿಸಿಯೇ ಹೇಳಿದೆ.

ಸುಲಿಯುವುದು ನಿಂತಿತು. ಆಮೇಲೆ—

"ನಿನ್ನ ಇಷ್ಟ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನಿನ್ನ ಇಷ್ಟವಂತೆ. ಇಟ್ಟುಕೊಂಡರೂ ನನ್ನ ತಲೆಗೆ, ತೆಗೆಸಿದರೂ ನನ್ನ ತಲೆಗೆ, ತಾನು ಮಾತ್ರ ಒಳ್ಳೆಯವನು. ಉಗುಳಬೇಕೆನ್ನಿಸಿತು.

"ಟೆಸ್ಟ್ ಇದೆಯಲ್ಲ," ಎಂದ ಆಮೇಲೆ, ಮೆತ್ತಗೆ. "ಮಾಡಿಸಿದ್ರೆ ಗೊತ್ತಾಗುತ್ತೆ."

"ಗೊತ್ತಾಗೋದು ಹೊಟ್ಟೇಲಿರೋದರ ವಿಷಯ ಅಲ್ಲ, ಮೊದಲು ನನ್ನದು. ನನ್ನದು ನೋಡಿದ ಮೇಲೇ ಅದರದು ನೋಡೋದು. ನಾನು ಹೀಗೇ ಸಾಯ್ತೀನಿ ಅಂತ ಇವತ್ತೇ ಗೊತ್ತಾದ್ರೆ ನೀನು ದಿನಾ ನನ್ನ ಮುಖ ನೋಡ್ತೀಯಾ, ಕೈ ನೋಡ್ತೀಯಾ?"

ಮೊಟ್ಟೆಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ. ಎರಡು ದಿನದಿಂದ... ಅಲ್ಲ, ಯಾವಾಗಿನಿಂದಲೋ ನನಗೆ ಹಸಿವಿಲ್ಲ.

ಮಾರ್ಚ್ 23, ಭಾನುವಾರ. ಸಂಜೆ

ಬೇಟೆ ಕ್ಲಬ್ಬಿನವರಿಗೆ ಹಕ್ಕಿ ಒದಗಿಸುವುದೂ ಕೇಂದ್ರದ ಕೆಲಸ. ಅವರ ಮೈದಾನದಲ್ಲಿ ಗೂಡು ತೆರೆದು ಬಿಡಬೇಕು, ಹಕ್ಕಿ ಹಾರಬೇಕು, ಅವರು ಗುಂಡು ಹೊಡೆಯಬೇಕು. ಪ್ರತಿ ಸಲ ಬೇರೆ ಯಾರೋ ಹೋಗುತ್ತಿದ್ದರು, ಇವತ್ತು ಇವನನ್ನು ಕಳಿಸಿದರು.

ನಾಲ್ಕಕ್ಕೆ ಬಂದ. ಅಂಗಿ ಬಿಚ್ಚದೆ ಹಾಗೆಯೇ ಒಳಗೆ ಬಂದು ನೆಲದ ಮೇಲೆ ಕೂತ. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ.

"ಬಾಗಿಲು ತೆಗೆದೆ. ಒಂದೂ ಹೊರಗೆ ಹೋಗ್ಲಿಲ್ಲ," ಎಂದ. "ಗೂಡು ಮಗುಚಿದೆ. ಹುಲ್ಲಿಗೆ ಬಿದ್ವು. ಬಿದ್ದು ಎದ್ದು ನನ್ನ ಹತ್ರಾನೇ ಬಂದ್ವು. ಬೂಟಿನ ದಾರ ಕುಕ್ತಾ ನಿಂತ್ವು, ಕಾಳು ಹಾಕ್ತೀನಿ ಅಂತ. ಅವರೆಲ್ಲ ನಗ್ತಿದ್ರು."

"ಆಮೇಲೆ?"

"ಎಸೀರಿ ಅಂದ್ರು. ಮೇಲಕ್ಕೆ ಎಸೆದ್ರೆ ಹಾರ್ತವೆ ಅಂತ."

"ಎಸೆದ್ಯಾ?"

"ಎಸೆದೆ."

ಹೊರಗೆ ಯಾರೋ ಬಾಗಿಲು ಬಡಿದು ಹೋದರು, ನಾವಿಬ್ಬರೂ ಏಳಲಿಲ್ಲ. ಅವನ ಬೂಟಿಗೆ ಒಂದು ಪುಕ್ಕ ಅಂಟಿತ್ತು. ಅವನಿಗೂ ತನ್ನ ಮೇಲೆ ಹೇಸಿಗೆಯಾಗಿದೆ, ನೋಡಿದರೆ ತಿಳಿಯುತ್ತಿತ್ತು. ಮೊದಲ ಸಲ ಈ ಮನುಷ್ಯನ ಹತ್ತಿರ ಕೂರಬೇಕು ಎನ್ನಿಸಿತು, ವಾಸನೆಯ ಸಮೇತ. ಕೂತೆ.

"ನಿನ್ನ ಇಷ್ಟ ಅಂದಿದ್ದು ಸುಳ್ಳು," ಎಂದ. "ನನಗೆ ಬೇಕು. ನಿನಗೆ ಕಾಯಿಲೆ ಬರಲಿ, ಬಿಡಲಿ. ಅದಕ್ಕೆ ಬರಲಿ, ಬಿಡಲಿ. ಈ ಮಾತು ಹೇಳೋಕೆ ನಾನು ಯಾರು ಅಂತ ಸುಮ್ಮನಿದ್ದೆ. ಹೊರೋಳು ನೀನು."

"ನಾಳೆ ಅದು ನಮ್ಮನ್ನ ಕೇಳಿದ್ರೆ? ಗೊತ್ತಿದ್ದೂ ಯಾಕೆ ಹುಟ್ಟಿಸಿದ್ರಿ ಅಂತ?"

"ಬೈಸಿಕೊಳ್ಳೋಣ."

ಇಷ್ಟೇ ಅವನಿಗೆ ಹೊಳೆದ ಉತ್ತರ. ದಡ್ಡ. ಆದರೂ ನಿನ್ನ ಇಷ್ಟ ಎಂದದ್ದಕ್ಕಿಂತ ವಾಸಿ.

ಮಾರ್ಚ್ 26, ಬುಧವಾರ

ಅಕ್ಕನ ಫೋನು. ರಕ್ತ ಕೊಡು ಎನ್ನುತ್ತಾಳೆ. ನೀನೂ ಕೊಟ್ಟಿಲ್ಲವಲ್ಲ ಎಂದೆ. "ನನ್ನ ಹೊಟ್ಟೇಲಿ ಯಾರೂ ಇಲ್ಲ," ಎಂದಳು. ನೋಡಿಕೊಳ್ಳುವ ಕಷ್ಟ ನಿನಗೇನು ಗೊತ್ತು, ಭಾನುವಾರ ಬಂದು ಮುಖ ಸಿಂಡರಿಸಿ ಹೋಗುವವಳು ನೀನು ಎಂದಳು. ಅವಳು ಹೇಳಿದ್ದು ನಿಜ, ಅದಕ್ಕೇ ಮೈ ಉರಿಯಿತು.

ಬೋರ್ಡು ಮುಗಿಯಿತು. ಎಡಗಡೆ: ನಮಗೆ ರೇಷ್ಮೆ ಕೊಡುವ ಪತಂಗ. ಬಲಗಡೆ: ಚುರುಕಾದ, ಮುದ್ದಾದ ಲಾವಕ್ಕಿ. ಎರಡೂ ಮನುಷ್ಯನ ಮಿತ್ರರು. ಕೆಮ್ಮು ಸಾಹೇಬರು ಓದಿ, ಭೇಷ್ ಎಂದರು. ನಾನು ಬರೆದ ಅತ್ಯಂತ ಹೊಲಸು ವಾಕ್ಯ ಅದು. ಮಿತ್ರರಂತೆ.

ಮಾರ್ಚ್ 29, ಶನಿವಾರ

ಓಪನ್ ಡೇ. ಗದ್ದಲ, ಬೆವರು, ನೂರು ಎಂಜಲು ಕೈ ಗಾಜಿನ ಮೇಲೆ.

ಅಕ್ಕ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆತಂದಳು. ಹೇಳಿಯೇ ಇರಲಿಲ್ಲ. ಅಮ್ಮನೇ ಹಟ ಹಿಡಿದಳಂತೆ, ನೀನು ಕೆಲಸ ಮಾಡುವ ಜಾಗ ನೋಡಬೇಕು ಎಂದು. ಮಕ್ಕಳು ಅಮ್ಮನಿಗೆ ದಾರಿ ಬಿಟ್ಟರು. ದಾರಿ ಬಿಟ್ಟದ್ದಲ್ಲ, ದೂರ ಸರಿದರು. ಒಬ್ಬಳು ಟೀಚರು ಮೂಗಿಗೆ ಸೆರಗು ಹಿಡಿದಳು. ಅವಳ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ನನ್ನದೇ ಮುಖ ಅವಳಿಗಿತ್ತು.

ಅಮ್ಮ ಬೋರ್ಡಿನ ಮುಂದೆ ನಿಲ್ಲಿಸು ಎಂದಳು. ಅಮ್ಮನ ಮಾತು ಈಗ ತುಂಡು ತುಂಡು, ಒಂದೊಂದು ಪದಕ್ಕೂ ಕಾಯಬೇಕು. ಪತಂಗ ತೋರಿಸಲು ಕೈ ಎತ್ತಿದಳು. ಕೈ ಲಾವಕ್ಕಿಯ ಕಡೆ ಹೋಯಿತು, ಅಲ್ಲಿಂದ ಅಕ್ಕನ ಮೂಗಿಗೆ.

"ಮೊಟ್ಟೆ... ಇಟ್ಟ ಮೇಲೆ... ತಾಯಿ?"

ಬೋರ್ಡಿನಲ್ಲಿ ಇಲ್ಲದ್ದನ್ನೇ ಕೇಳಿದಳು. ಸುಳ್ಳು ಹೇಳಬಹುದಿತ್ತು.

"ಅರೆದು ನೋಡ್ತೀವಮ್ಮ. ಕಾಯಿಲೆ ಇದೆಯಾ ಅಂತ."

"ಇದ್ರೆ?"

"ಮೊಟ್ಟೆ ಸುಡ್ತೀವಿ."

ಅಕ್ಕ ನನ್ನ ಕಡೆ ಕಣ್ಣು ಬಿಟ್ಟಳು. ಅಮ್ಮನ ತಲೆ ಅತ್ತ ಇತ್ತ ತೂಗುತ್ತಿತ್ತು. ನನ್ನ ಹೊಟ್ಟೆಯನ್ನು ನೋಡಿದಳು, ಅಕ್ಕ ಹೇಳಿರಬೇಕು. ಬಾಯಿ ಮಾತಿಗೆ ಹೊಂದಿಕೊಳ್ಳಲು ತುಂಬ ಹೊತ್ತು ಹಿಡಿಯಿತು.

"ಸದ್ಯ," ಎಂದಳು. "ನಿನ್ನ... ಹೆತ್ತಾಗ... ನೀನು... ಕೆಲಸಕ್ಕೆ... ಸೇರಿರಲಿಲ್ಲ."

ಹೇಳಿ ನಕ್ಕಳು. ಜೊಲ್ಲು ಇಳಿಯಿತು. ಅವಳ ನಗು ಅವಳದೇ, ಮೊದಲಿನದೇ, ಒಂದಿಷ್ಟೂ ಬದಲಾಗಿಲ್ಲ. ಅಕ್ಕನೂ ನಕ್ಕುಬಿಟ್ಟಳು, ಅಳುತ್ತ. ನಾನು ಒರೆಸುವ ಬಟ್ಟೆ ತೆಗೆದುಕೊಂಡೆ. ಜೊಲ್ಲು ಬೆರಳಿಗೆ ತಾಗಿದಾಗ ಮೈ ಜುಮ್ಮೆಂದಿತು. ಅಸಹ್ಯ ಹೋಗಿರಲಿಲ್ಲ. ಒರೆಸಿದೆ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ

ಇನ್ನು ಅರ್ಧ ಗಂಟೆಗೆ ಡಾಕ್ಟರಮ್ಮ. ಹೇಳಬೇಕಾದ್ದನ್ನು ಕನ್ನಡಿಯ ಮುಂದೆ ಹೇಳಿ ನೋಡಿದೆ. ಹೋದ ಸಲ ಇಲ್ಲ ಎಂದದ್ದು ಸುಳ್ಳು. ತಾತನಿಗೆ ಇತ್ತು, ಅಮ್ಮನಿಗೆ ಇದೆ, ನನ್ನದು ಗೊತ್ತಿಲ್ಲ. ರಕ್ತ ಕೊಡುವುದಿಲ್ಲ. ಮಗು ಬೇಕು.

ಸರಿಯೋ ತಪ್ಪೋ. ಅಕ್ಕ ಇದನ್ನು ಸ್ವಾರ್ಥ ಎನ್ನುತ್ತಾಳೆ, ಇರಬಹುದು. ಸ್ವಾರ್ಥವಿಲ್ಲದೆ ಯಾರು ಹೆತ್ತಿದ್ದಾರೆ. ಅವಳಿಗೆ ಎದುರು ಮಾತಾಡುವ ಯೋಗ್ಯತೆ ಬರಬೇಕಾದರೆ ಮೊದಲು ಅಮ್ಮನ ಪಾಲು ಅರ್ಧ ನಾನು ಹೊರಬೇಕು. ಇವತ್ತಿನಿಂದಲೇ ವಾರದಲ್ಲಿ ಮೂರು ದಿನ ಅಮ್ಮ ಇಲ್ಲಿಗೆ. ಹಕ್ಕಿಯವನು ಆಗಲೇ ಕೋಣೆಯ ಗೋಡೆಗೆ ದಿಂಬು ಕಟ್ಟುತ್ತಿದ್ದ, ಅಡ್ಡಾದಿಡ್ಡಿ. ಗೂ ಬಳಿಯುವುದು ನನಗೆ ರೂಢಿ, ಎಂದ. ಇಂಥ ಮಾತನ್ನು ಸಮಾಧಾನ ಎಂದುಕೊಂಡು ಹೇಳುತ್ತಾನೆ.

ಒಂದೇ ಯೋಚನೆ ಬಿಡುತ್ತಿಲ್ಲ. ನನ್ನ ಕೈ ಶುರುವಾಗುವುದಾದರೆ ಮಗು ಆಗ ಇನ್ನೂ ಶಾಲೆಯಲ್ಲಿರುತ್ತದೆ. ಒಂದು ದಿನ ನನ್ನ ಎದುರು ಊಟಕ್ಕೆ ಕೂರುತ್ತದೆ. ನನ್ನ ಬಾಯಿಂದ ಹೊರಗೆ ಬಂದದ್ದನ್ನು ನೋಡುತ್ತದೆ. ಅದಕ್ಕೆ ಹೇಸಿಗೆಯಾಗುತ್ತದೆ. ಆಗದೆ ಇರುತ್ತದೆಯೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು. ಆಗಲಿ. ಮುಖ ಸಿಂಡರಿಸಲಿ, ಮೂಗು ಮುಚ್ಚಿಕೊಳ್ಳಲಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಎದ್ದು ಮಾತ್ರ ಹೋಗಬಾರದು. ಅಷ್ಟು ಕಲಿಸಬೇಕು ಅದಕ್ಕೆ. ಹೇಗೆ ಕಲಿಸುವುದು, ನನಗೇ ಇನ್ನೂ ಬಾರದ್ದನ್ನು—

ಹಕ್ಕಿಯವನು ಕೆಳಗಿನಿಂದ ಕರೆಯುತ್ತಿದ್ದಾನೆ. ಒಂದು ನಿಮಿಷ. ಇವತ್ತು ಸಂಜೆ ಅಮ್ಮನಿಗೆ ಊಟ ಮಾಡಿಸುವವಳು ನಾನು, ಎದುರಿಗೇ ಕೂತು, ಮುಗಿಯುವವರೆಗೂ. ಮೊದಲ ತುತ್ತಿಗೇ ಹೊಟ್ಟೆ ತೊಳಸಿದರೂ, ಅವಳು ನನ್ನ ಮುಖ ನೋಡುತ್ತಿದ್ದರೂ, ನಾನು—